ದೀಪ ಹಚ್ಚಲು ಬಿಡದ ಪದ್ಮಿನಿ

ಹನುಮಂತನಗರದ ನಮ್ಮ ಮನೆಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೂ ತುಳಸಿ ಕಟ್ಟೆಗೂ ಮಧ್ಯೆ ಆರಡಿ ಕೂಡ ಇಲ್ಲ. ಇಷ್ಟು ವರ್ಷ ಎರಡೂ ತಮ್ಮ ಪಾಡಿಗೆ ತಾವಿದ್ದವು. 2024ರ ಗಣೇಶನ ಹಬ್ಬ ಕಳೆದು ಒಂದು ವಾರವಾಗಿತ್ತು. ಸಂಜೆ ದೀಪ ಹಿಡಿದು ಬಂದ ಅಮ್ಮ ಮೆಟ್ಟಿಲ ಮೇಲೇ ನಿಂತುಬಿಟ್ಟರು.

“ಏನೋ ಇದು, ಬಂಕ್‌ನಲ್ಲಿ ನಿಂತ ಹಾಗೆ ನಾರ್ತಿದೆ. ದೀಪ ಹಚ್ಚಲಾ, ಬೇಡ್ವಾ?”

“ಬೇಡಮ್ಮ, ಇವತ್ತೊಂದಿನ ಒಳಗೇ ಹಚ್ಚಿಬಿಡು.”

ಇವತ್ತೊಂದಿನ ಅಂದದ್ದು ಹತ್ತಿರ ಹತ್ತಿರ ನಾಲ್ಕು ವಾರಕ್ಕೆ ಎಳೆಯಿತು.

ಕಾರು 1986ರ ಪ್ರೀಮಿಯರ್ ಪದ್ಮಿನಿ. ಅಪ್ಪ ಕೊಂಡದ್ದು. ಇಟಲಿಯ ಫಿಯಟ್ 1100 ಅನ್ನೇ ಮುಂಬೈಯ ಕುರ್ಲಾದಲ್ಲಿ ತಯಾರಿಸಿ ಪದ್ಮಿನಿ ಅನ್ನುವ ಹೆಸರಲ್ಲಿ ಮಾರುತ್ತಿದ್ದರು. ಅಪ್ಪನ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ ‘ಫಿಯಟ್ಟು’. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರು, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಒಂದು ಸೋಲೆಕ್ಸ್ ಕಾರ್ಬೊರೇಟರ್. ಅಪ್ಪ ಸ್ಪಾರ್ಕ್ ಪ್ಲಗ್ ಮಾಡುತ್ತಿದ್ದ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಎಂಜಿನ್ನಿನೊಳಗೆ ಕಿಡಿ ಹೊತ್ತಿಸುವ ಆ ಪ್ಲಗ್ ಬಿಚ್ಚಿ ಅದರ ಮೂತಿ ನೋಡಿದರೆ ಸಾಕು, ಎಂಜಿನ್ನಿನ ಜಾತಕ ಹೇಳಿಬಿಡುತ್ತಿದ್ದರು. ಬಿಸ್ಕತ್ ಬಣ್ಣ ಇದ್ದರೆ ಆರೋಗ್ಯ. ಒಣ ಮಸಿ ಕೂತಿದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. “ಒದ್ದೆ ಇದ್ದರೆ ನೀನು ಎಲ್ಲೋ ಕೈ ಹಾಕಿದ್ದೀಯ ಅಂತ ಅರ್ಥ” ಅನ್ನುತ್ತಿದ್ದರು. ತಮಾಷೆಗೆ ಹೇಳುತ್ತಿದ್ದರು ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ನಾಲ್ಕೂ ಪ್ಲಗ್ ಬಿಚ್ಚಿದೆ. ಎರಡರಲ್ಲಿ ಮಸಿ. ಎರಡು ಒದ್ದೆ.

ವಾಸನೆ ಬರುವ ಮೊದಲೇ ಕಾರು ಬೇರೆ ಸೂಚನೆ ಕೊಟ್ಟಿತ್ತು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುತ್ತಿದ್ದುದು ಎಂಟಕ್ಕೆ ಇಳಿದಿತ್ತು. ಎಮಿಷನ್ ಟೆಸ್ಟ್‌ಗೆ ಹೋದಾಗ ಹುಡುಗ ಸೈಲೆನ್ಸರಿಗೆ ಕೊಳವೆ ಹಾಕಿ, ಕಂಪ್ಯೂಟರ್ ನೋಡಿ, ನನ್ನನ್ನು ನೋಡಿ, ಮತ್ತೆ ಕಂಪ್ಯೂಟರ್ ನೋಡಿದ. ಇಂಥ ಹಳೇ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3. ನನ್ನದು ಆರು ದಾಟಿತ್ತು. “ಟ್ಯೂನಿಂಗ್ ಮಾಡಿಸ್ಕೊಂಡು ಬನ್ನಿ ಸಾರ್” ಅಂದ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ಗಾಳಿ ಕಡಲತೀರಕ್ಕಿಂತ ಶೇ. 8–9ರಷ್ಟು ತೆಳು, ಹಾಗಾಗಿ ಕಾರ್ಬೊರೇಟರ್ ಗಾಡಿಗೆ ಪೆಟ್ರೋಲ್ ಸ್ವಲ್ಪ ಹೆಚ್ಚೇ ಬೀಳುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾತು ಸುಳ್ಳಲ್ಲ. ಆದರೆ ಬೆಂಗಳೂರು ಆ ತಿಂಗಳು ದಿಢೀರನೆ ಎತ್ತರವಾಗಿರಲಿಲ್ಲ ಅಲ್ವಾ?

ಈ ಕಾಯಿಲೆಗೆ ಗ್ಯಾರೇಜಿನವರು ಇಟ್ಟ ಹೆಸರು ಓವರ್‌ಫ್ಲೋ. ಕಾರ್ಬೊರೇಟರಿನ ಪಕ್ಕದಲ್ಲಿ ಫ್ಲೋಟ್ ಚೇಂಬರ್ ಅಂತ ಪುಟ್ಟ ತೊಟ್ಟಿ ಇದೆ. ನಮ್ಮ ಮನೆಯ ಸಂಪು ಇದ್ದ ಹಾಗೆ. ಸಂಪಿಗೆ ಕಾವೇರಿ ನೀರು ಬಂದಾಗ ಚೆಂಡು ತೇಲಿ ಮೇಲೆ ಬಂದು ನಲ್ಲಿ ಮುಚ್ಚುತ್ತೆ. ಇಲ್ಲಿ ಚೆಂಡಿನ ಬದಲು ಹಿತ್ತಾಳೆಯ ಫ್ಲೋಟ್, ನಲ್ಲಿಯ ಬದಲು ನೀಡಲ್ ವಾಲ್ವ್. ಪೆಟ್ರೋಲ್ ಮಟ್ಟ ಏರಿದರೆ ಫ್ಲೋಟ್ ಏರುತ್ತೆ, ಸೂಜಿಯನ್ನು ಮೇಲೊತ್ತಿ ದಾರಿ ಮುಚ್ಚುತ್ತೆ. ಮುಚ್ಚದಿದ್ದರೆ ಪೆಟ್ರೋಲ್ ತುಂಬಿ, ಕಾರ್ಬೊರೇಟರಿನ ಗಂಟಲಿಗೇ ಸುರಿಯುತ್ತೆ. ಅಲ್ಲಿಂದ ಎಂಜಿನ್ನಿಗೆ, ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿನ ಎಂಜಿನ್ ಆಯಿಲಿಗೆ.

ಆಯಿಲಿನ ಮಾತು ಬಂತು, ಇದನ್ನು ಮೊದಲು ಹೇಳಿಬಿಡುತ್ತೇನೆ. ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಮಟ್ಟ ಮೇಲಿನ ಗೆರೆಯನ್ನೂ ದಾಟಿತ್ತು. ಹಳೇ ಎಂಜಿನ್ ಆಯಿಲ್ ಕುಡಿಯುವುದು ಗೊತ್ತು, ಹೆರುವುದನ್ನು ಕೇಳಿದ್ದೀರಾ? ಮೂಗಿಗೆ ಹಿಡಿದರೆ ಪೆಟ್ರೋಲ್. ಪೆಟ್ರೋಲ್ ಬೆರೆತ ಆಯಿಲ್ ನೀರಿನ ಹಾಗೆ ತೆಳುವಾಗುತ್ತೆ, ಬೇರಿಂಗುಗಳನ್ನು ಕಾಯುವುದಿಲ್ಲ. ಈ ಸ್ಥಿತಿಯಲ್ಲಿ ಓಡಿಸಿದರೆ ನೂರು ರೂಪಾಯಿಯ ರಿಪೇರಿ ಎಂಜಿನ್ ಇಳಿಸುವ ತನಕ ಹೋಗುತ್ತೆ. ಆ ನಾಲ್ಕು ವಾರದಲ್ಲಿ ಎರಡು ಸಲ ಆಯಿಲ್ ಬದಲಾಯಿಸಿದೆ. ನಿಮ್ಮ ಗಾಡಿಯಲ್ಲೂ ಪೆಟ್ರೋಲ್ ನಾತ ಬಂದರೆ ಕಾರ್ಬೊರೇಟರ್ ಮುಟ್ಟುವ ಮೊದಲು ಡಿಪ್‌ಸ್ಟಿಕ್ ಮೂಸಿ ನೋಡಿ.

ನಿಜಕ್ಕೂ ಓವರ್‌ಫ್ಲೋನಾ, ಬೇರೇನಾದರೂನಾ ಅಂತ ನೋಡುವುದಕ್ಕೆ ಏರ್ ಫಿಲ್ಟರ್ ಬಿಚ್ಚಿ ಟಾರ್ಚ್ ಬಿಟ್ಟು ಗಂಟಲೊಳಗೆ ಇಣುಕಿದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಎಂಜಿನ್ ಆಫ್ ಮಾಡಿ ಐದು ನಿಮಿಷದ ಮೇಲೆ ತೊಟ್ಟಿಕ್ಕಿದರೆ ಅದು ಬೇರೆ ಕಾಯಿಲೆ. ಬಿಸಿ ಎಂಜಿನ್ನಿನ ಕಾವಿಗೆ ತೊಟ್ಟಿಯ ಪೆಟ್ರೋಲ್ ಕುದಿದು ಉಕ್ಕುವುದು, ಒಲೆಯ ಮೇಲೆ ಹಾಲು ಉಕ್ಕಿದ ಹಾಗೆ. ಎಂಜಿನ್ ಓಡುತ್ತಿರುವಾಗಲೇ, ಗಾಡಿ ನಿಂತು ಎಂಜಿನ್ ಮಾತ್ರ ಓಡುವ ಐಡ್ಲಿಂಗ್‌ನಲ್ಲಿ, ಮಧ್ಯದ ನಳಿಗೆಯಿಂದ ಹನಿ ಬೀಳುತ್ತಿದ್ದರೆ ಓವರ್‌ಫ್ಲೋ. ನನ್ನದು ಓಡುವಾಗಲೇ ತೊಟ್ಟಿಕ್ಕುತ್ತಿತ್ತು. ಸೋರುವ ನಲ್ಲಿಯ ಹಾಗೆ, ಒಂದು ಲಯದಲ್ಲಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಗಾಳಿ ತಗ್ಗಿಸುವ ಚೋಕ್ ಇದೆಯಲ್ಲ, ಅದರ ಕೇಬಲ್ ಸಿಕ್ಕಿಹಾಕಿಕೊಂಡಿರಬಹುದು ಅಂತ ಅದನ್ನೂ ನೋಡಿದೆ. ಪೂರ್ತಿ ವಾಪಸ್ ಹೋಗಿತ್ತು.

ನಮ್ಮ ಬೀದಿ ತಿರುವಿನ ಗ್ಯಾರೇಜಿನ ಹುಡುಗ ಚುರುಕು. ಆದರೆ ಅವನು ಹುಟ್ಟುವ ಹೊತ್ತಿಗೆ ಕಾರುಗಳಲ್ಲಿ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂದಾಗಿತ್ತು. ಬೈಕಿನ ಕಾರ್ಬೊರೇಟರ್ ಗೊತ್ತು, ಧೈರ್ಯ ಇದೆ. “ನೀಡಲ್ ವಾಲ್ವ್ ಹೋಗಿದೆ ಸಾರ್, ಕಿಟ್ ತಂದ್ಬಿಡಿ” ಅಂದ. ಜೆಸಿ ರಸ್ತೆಗೆ ಹೋದೆ. ಹಳೇ ಕಾರಿನ ಸಾಮಾನಿಗೆ ಈಗಲೂ ಮೊದಲು ಹೋಗುವುದು ಅಲ್ಲಿಗೇ. ಮೂರನೇ ಅಂಗಡಿಯಲ್ಲಿ ಸಿಕ್ಕಿತು. ನೀಡಲ್ ವಾಲ್ವ್, ಪ್ಯಾಕಿಂಗ್, ನಾಲ್ಕೈದು ವಾಷರ್, ಎಲ್ಲ ಒಂದು ಪ್ಲಾಸ್ಟಿಕ್ ಪೊಟ್ಟಣದಲ್ಲಿ.

ಹಳೇ ಸೂಜಿಯ ಚೂಪಿನ ಸುತ್ತ ಉಗುರಿಗೆ ಸಿಗುವಂಥ ಒಂದು ಗೀರು ಬಿದ್ದಿತ್ತು. ಕಳ್ಳ ಸಿಕ್ಕಿದ ಅಂತ ಇಬ್ಬರೂ ಖುಷಿಪಟ್ಟೆವು. ಆ ಗೀರು ಯಾಕೆ ಬಿತ್ತು ಅಂತ ಇಬ್ಬರೂ ಕೇಳಲಿಲ್ಲ.

ಹುಡುಗ ಇನ್ನೊಂದು ಬುದ್ಧಿವಂತಿಕೆ ಮಾಡಿದ. ಸೋಲೆಕ್ಸ್‌ನಲ್ಲಿ ಪೆಟ್ರೋಲ್ ಮಟ್ಟ ಹೊಂದಿಸುವುದು ನೀಡಲ್ ವಾಲ್ವಿನ ಬುಡದ ವಾಷರಿನಿಂದ. ವಾಲ್ವು ಮೇಲಿನ ಮುಚ್ಚಳಕ್ಕೆ ಕೆಳಗಿನಿಂದ ತಿರುಚಿಕೊಂಡು ಕೂರುತ್ತೆ. ವಾಷರ್ ದಪ್ಪವಾದಷ್ಟೂ ವಾಲ್ವು ಕೆಳಗಿಳಿಯುತ್ತೆ, ಫ್ಲೋಟ್ ಬೇಗ ತಾಗಿ ಬೇಗ ಮುಚ್ಚುತ್ತೆ, ಮಟ್ಟ ತಗ್ಗುತ್ತೆ. ಫ್ಲೋಟಿನ ತೋಳನ್ನು ಬಗ್ಗಿಸುವ ಹಾಗಿಲ್ಲ. ಅವನು ಕಿಟ್ಟಿನ ದಪ್ಪ ವಾಷರ್ ಹಾಕಿದ. ಎಂಜಿನ್ ಸ್ಟಾರ್ಟ್ ಆಯಿತು, ಗಂಟಲು ಒಣಗಿತ್ತು, ಹೊಗೆ ಇಲ್ಲ. ನಾನು ಅವನಿಗೆ ಕೇಳಿದ್ದಕ್ಕಿಂತ ಇನ್ನೂರು ಜಾಸ್ತಿ ಕೊಟ್ಟೆ.

ನಾಲ್ಕು ದಿನ. ಐದನೇ ದಿನ ಮಿನರ್ವ ವೃತ್ತದ ಸಿಗ್ನಲ್ಲಿನಲ್ಲಿ ಎಂಜಿನ್ ಗುಡುಗುಡು ಅಂದು, ಒಂದು ಮೋಡದಷ್ಟು ಕರಿ ಹೊಗೆ ಬಿಟ್ಟು, ನಿಂತಿತು. ಹಿಂದಿನಿಂದ ಹಾರ್ನ್ ಶುರು. ನಾನು ಗಾಬರಿಯಲ್ಲಿ ಎಕ್ಸಲೇಟರ್ ಪಟಪಟ ತುಳಿಯುತ್ತಾ ಸೆಲ್ಫ್ ಹೊಡೆದೆ. ಹೊಡೆದಷ್ಟೂ ನಾತ ಹೆಚ್ಚಿತು. ಪಕ್ಕದ ಆಟೋದವರು, ಅರವತ್ತರ ಮೇಲಿನವರು, ತಲೆ ಹೊರಗೆ ಹಾಕಿದರು.

“ಸಾರ್, ತುಳೀಬೇಡಿ. ಪೂರ್ತಿ ಒತ್ತಿ ಹಿಡ್ಕೊಳ್ಳಿ, ಬಿಡಬೇಡಿ, ಹಂಗೇ ಸೆಲ್ಫ್ ಹೊಡೀರಿ.”

ಹಾಗೇ ಮಾಡಿದೆ. ಏಳೆಂಟು ಸೆಕೆಂಡ್ ಕೆಮ್ಮಿ ಎಂಜಿನ್ ಎದ್ದಿತು. ಕಾರಣ ಸರಳ. ಪ್ರತಿ ಸಲ ತುಳಿದಾಗ ಕಾರ್ಬೊರೇಟರಿನ ಪುಟ್ಟ ಪಂಪು ಒಂದು ಪಿಚಕಾರಿ ಪೆಟ್ರೋಲ್ ಒಳಗೆ ಹೊಡೆಯುತ್ತೆ. ಮೊದಲೇ ಮುಳುಗಿದವನಿಗೆ ನೀರು ಕುಡಿಸಿದ ಹಾಗೆ. ಒತ್ತಿ ಹಿಡಿದರೆ ಗಾಳಿಯ ಬಾಗಿಲು ಪೂರ್ತಿ ತೆರೆದು ಬರೀ ಗಾಳಿ ನುಗ್ಗಿ ಒದ್ದೆ ಒಣಗುತ್ತೆ. ಅಪ್ಪನೂ ಇದನ್ನು ಹೇಳಿದ್ದರು. ಸಿಗ್ನಲ್ಲಿನಲ್ಲಿ ಅಪ್ಪ ಹೇಳಿದ್ದು ಯಾರಿಗೆ ನೆನಪಿರುತ್ತೆ!

ಈಗ ಫ್ಲೋಟಿನ ಮೇಲೆ ಅನುಮಾನ. ನಮ್ಮ ಫ್ಲೋಟ್ ತೂತಾಗಿ, ಅಪ್ಪ ಎಷ್ಟೋ ವರ್ಷದ ಹಿಂದೆ ಅಕ್ಕಸಾಲಿಗರ ಹತ್ತಿರ ಬೆಸುಗೆ ಹಾಕಿಸಿದ್ದರು. ಬೆಸುಗೆ ಜಾಸ್ತಿಯಾದರೆ ಫ್ಲೋಟ್ ಭಾರವಾಗುತ್ತೆ, ಅಷ್ಟು ಆಳ ಮುಳುಗಿ ತೇಲುತ್ತೆ, ಮಟ್ಟ ಏರುತ್ತೆ. ಮತ್ತೆ ತೂತಾಗಿ ಒಳಗೆ ಪೆಟ್ರೋಲ್ ಸೇರಿದ್ದರಂತೂ ಮುಗಿಯಿತು. ಭಾನುವಾರ ಶಿವಾಜಿನಗರದ ಗುಜರಿಗೆ ಹೋದೆ. ರಸೆಲ್ ಮಾರುಕಟ್ಟೆ ಕಡೆಯಿಂದ ಒಳಗೆ ನುಗ್ಗಿ, ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳಗಳ ಗುಡ್ಡಗಳ ಮಧ್ಯೆ ಅರ್ಧ ದಿನ. ಕೊನೆಗೊಬ್ಬರು ಗೋಣಿಚೀಲ ಸುರುವಿ, ಏಳೆಂಟು ಸೋಲೆಕ್ಸ್ ಅಸ್ಥಿಪಂಜರಗಳಲ್ಲಿ ಒಂದರಿಂದ ಫ್ಲೋಟ್ ತೆಗೆದುಕೊಟ್ಟರು. “ಒರಿಜಿನಲ್ ಸಾರ್, ಈಗಿಂದೆಲ್ಲ ಡೂಪ್ಲಿಕೇಟು.” ಫಳಫಳ ಹೊಳೆಯುತ್ತಿತ್ತು.

ಹಾಕುವ ಮೊದಲು ಎರಡನ್ನೂ ಪರೀಕ್ಷೆ ಮಾಡಿದೆ. ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಇದ್ದರೆ ಕುಲುಕುವ ಸದ್ದು ಬರುತ್ತೆ. ಇನ್ನೂ ಖಾತ್ರಿ ಬೇಕಾದರೆ ಬಿಸಿ ನೀರಿನಲ್ಲಿ ಮುಳುಗಿಸಬೇಕು. ಒಳಗಿನ ಗಾಳಿ ಹಿಗ್ಗಿ, ಸಣ್ಣ ಬಿರುಕಿದ್ದರೂ ಗುಳ್ಳೆ ಬರುತ್ತೆ. ನೀರು ಅಡುಗೆಮನೆಯಲ್ಲಿ ಕಾಯಿಸಿ, ಪಾತ್ರೆಯನ್ನು ಹಿತ್ತಲಿಗೆ ತಂದು ಮುಳುಗಿಸಿದೆ. ಪೆಟ್ರೋಲ್ ಇದ್ದಿರಬಹುದಾದ ವಸ್ತುವನ್ನು ಒಲೆ ಮೇಲೆ ಇಡುವ ಸಾಹಸ ಯಾರೂ ಮಾಡಬೇಡಿ. ಅಪ್ಪ ಬೆಸುಗೆ ಹಾಕಿಸಿದ ಫ್ಲೋಟಿನಿಂದ ಒಂದು ಗುಳ್ಳೆಯೂ ಬರಲಿಲ್ಲ. ಗುಜರಿಯ ಹೊಳೆಯುವ ‘ಒರಿಜಿನಲ್’ನಿಂದ ಮುತ್ತಿನ ಸರದ ಹಾಗೆ ಸಾಲಾಗಿ ಬಂತು.

ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಅದು ನಾನು ಗಂಜಿ ಬಸಿಯೋ ಪಾತ್ರೆ ಕಣೋ” ಅಂದರು. ಹೊಸ ಪಾತ್ರೆ ತಂದುಕೊಡಬೇಕಾಯಿತು. ಈ ರಿಪೇರಿಯಲ್ಲಿ ಅತಿ ದುಬಾರಿ ಬಿಡಿಭಾಗ ಅದೇ.

ಫ್ಲೋಟ್ ವಾಪಸ್ ಹಾಕಲು ಮುಚ್ಚಳ ತೆಗೆದಿದ್ದೆನಲ್ಲ, ಆಗ ತೊಟ್ಟಿಯ ತಳ ಸರಿಯಾಗಿ ನೋಡಿದೆ. ಕರಿ ಎಳ್ಳು ಚೆಲ್ಲಿದ ಹಾಗೆ ಚೂರುಗಳು. ತುಕ್ಕು ಇರಬಹುದೆಂದು ಆಯಸ್ಕಾಂತ ಹಿಡಿದೆ, ಅಲುಗಲಿಲ್ಲ. ಬೆರಳಲ್ಲಿ ಉಜ್ಜಿದರೆ ಮಸಿಯ ಹಾಗೆ ಮೆತ್ತಿಕೊಂಡಿತು. ರಬ್ಬರು. ಪೆಟ್ರೋಲ್ ಹೋಸನ್ನು ಉದ್ದಕ್ಕೆ ಸೀಳಿ ನೋಡಿದೆ. ಹೊರಗೆ ಚೆನ್ನಾಗಿತ್ತು, ಒಳಮೈ ಊದಿ, ಬಿರಿದು, ಸಿಪ್ಪೆ ಏಳುತ್ತಿತ್ತು.

ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿ ಮೋದಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಮೊದಲಿಗೆ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕ್‌ಗಳಲ್ಲಿ, ಆಮೇಲೆ ಹರಡುತ್ತಾ ಹೋಯಿತು. ಹೊಸ ಗಾಡಿಗಳ ರಬ್ಬರನ್ನು ಅದಕ್ಕೆಂದೇ ಮಾಡಿರುತ್ತಾರೆ. 1986ರ ಕಾರಿಗೆ, ಅದಕ್ಕೆ ಹಾಕಿದ ಹಳೇ ಕಾಲದ ಹೋಸಿಗೆ ಎಥನಾಲ್ ಹೊಸ ನೆಂಟ. ಹಳೇ ರಬ್ಬರನ್ನು ಊದಿಸುತ್ತೆ, ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಅಂಟಿಕೊಂಡ ಗೋಂದನ್ನು ಕರಗಿಸಿ ಎಬ್ಬಿಸುತ್ತೆ. ನಾನು ಎಥನಾಲನ್ನು ಬೈಯಲಿಲ್ಲ. ಹೋಸ್ ಬದಲಾಯಿಸಿ ಎಷ್ಟು ವರ್ಷವಾಯಿತು ಅಂತ ಲೆಕ್ಕ ಹಾಕಿದೆ, ಲೆಕ್ಕ ಸಿಗಲಿಲ್ಲ. ಎಥನಾಲ್ ತಡೆಯುವ ಹೋಸ್ ಕೇಳಿ ತಂದೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿಗೆ, ಪಂಪಿನಿಂದ ಕಾರ್ಬೊರೇಟರಿಗೆ, ರಬ್ಬರ್ ಇದ್ದ ಕಡೆಯೆಲ್ಲ ಹೊಸದು ಹಾಕಿದೆ. ಮಧ್ಯೆ ಒಂದು ಪಾರದರ್ಶಕ ಫಿಲ್ಟರ್. ತೊಟ್ಟಿ ತೊಳೆದು, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳಿಗೆ ಗಾಳಿ ಹೊಡೆಸಿದೆ. ತಂತಿ ತೂರಿಸಲಿಲ್ಲ, ತೂರಿಸಿದರೆ ತೂತು ದೊಡ್ಡದಾಗುತ್ತೆ.

ಮುಕ್ಕಾಲು ವಾಸಿಯಾಯಿತು. ರಸ್ತೆಯಲ್ಲಿ ಓಡುವಾಗ ಚೆನ್ನ. ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಂತರೆ ಮತ್ತೆ ಗುಡುಗುಡು. ಬೆಳಿಗ್ಗೆ ಕಾರಿನ ಹತ್ತಿರ ಹೋದರೆ ಸಣ್ಣಗೆ ನಾತ. ಅಮ್ಮನ ಮೂಗಿಗೆ ಸಣ್ಣಗೆ, ದೊಡ್ಡದಾಗಿ ಅಂತ ಭೇದ ಇಲ್ಲ. “ಇನ್ನೂ ಇದೆ ಕಣೋ. ಆಯುಧಪೂಜೆಗೆ ಇದಕ್ಕೆ ಕರ್ಪೂರ ಹಚ್ಚಿ ಆರತಿ ಮಾಡ್ಬೇಕು, ನೆನಪಿದೆ ತಾನೆ?”

ಪೆಟ್ರೋಲ್ ಸೋರುವ ಕಾರು, ಎದುರಿಗೆ ಕರ್ಪೂರ. ಅಕ್ಟೋಬರ್ 11ಕ್ಕೆ ಇನ್ನು ಒಂಬತ್ತು ದಿನ.

ವಿಲ್ಸನ್ ಗಾರ್ಡನ್ನಿನಲ್ಲಿ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ, ಬರೀ ಫಿಯಟ್ಟಿಗೇ ಜೀವನ ಸವೆಸಿದವರು ಅಂತ ಆಫೀಸಿನ ಹಿರಿಯರೊಬ್ಬರು ಹೇಳಿದ್ದರು. ಗ್ಯಾರೇಜ್ ಮುಚ್ಚಿ ಮನೆಯಲ್ಲಿದ್ದರು. ಕರೆದಾಗ ಮೊದಲು ಕೇಳಿದ್ದು, “ಹ್ಯಾಂಡ್ ಗೇರಾ, ಫ್ಲೋರ್ ಗೇರಾ?” ಸ್ಟೀರಿಂಗ್ ಪಕ್ಕದ್ದು, ಹ್ಯಾಂಡ್ ಗೇರ್ ಅಂದೆ. “ಬರ್ತೀನಿ.”

ಬಂದವರು ಕಾರ್ಬೊರೇಟರ್ ಮುಟ್ಟಲೇ ಇಲ್ಲ. ಎಂಜಿನ್ ಸ್ಟಾರ್ಟ್ ಮಾಡಿಸಿ ಗಂಟಲೊಳಗೆ ನೋಡಿದರು. ನಾನು ಅಷ್ಟು ದಿನದ ಪುರಾಣ ಒಪ್ಪಿಸಿದೆ. ಹಳೇ ಸೂಜಿ ಇದೆಯಾ ಅಂದರು. ಕೊಟ್ಟೆ. ಬಿಸಿಲಿಗೆ ಹಿಡಿದು ಗೀರನ್ನು ನೋಡಿದರು.

“ಇದನ್ನ ಯಾರೋ ಹೊಡ್ದಿದ್ದಾರೆ ಸಾರ್.”

“ಹೊಡೆದಿದ್ದಾರಾ?”

“ಬಡಿದೂ ಬಡಿದೂ ಹೀಗಾಗಿದೆ. ನಿಮ್ಮನೆ ಸಂಪಲ್ಲಿ ಬಾಲ್ ಇದೆಯಲ್ಲ, ನೀರಿನ ಫೋರ್ಸು ಜಾಸ್ತಿ ಬಂದ್ರೆ ಪಾಪ ಅದೇನ್ ಮಾಡುತ್ತೆ? ಬಾಲ್ ಬದಲಾಯಿಸ್ತಾ ಕೂತಿದ್ದೀರಿ ನೀವು. ಒಂದು ಸಲೈನ್ ಬಾಟ್ಲಿ ತರ ಏನಾದ್ರೂ ಇದ್ಯಾ?”

ಆಮೇಲೆ ಅವರು ಮಾಡಿದ ಪರೀಕ್ಷೆ ಎಷ್ಟು ಸರಳ ಅಂದರೆ ನನಗೆ ನಾಚಿಕೆಯಾಯಿತು. ಕಾರನ್ನು ಬೀದಿಗೆ, ಬಯಲಿಗೆ ತಳ್ಳಿಸಿದರು. ಪಕ್ಕದಲ್ಲಿ ಎರಡು ಬಕೆಟ್ ಮರಳು ಇಡಿಸಿದರು. ಎಂಜಿನ್ ತಣ್ಣಗಿತ್ತು. ಪಂಪಿನಿಂದ ಕಾರ್ಬೊರೇಟರಿಗೆ ಬರುವ ಹೋಸ್ ಬಿಚ್ಚಿ, ಪಂಪಿಗೆ ಟ್ಯಾಂಕಿನಿಂದ ಬರುವ ಹೋಸನ್ನೂ ಬಿಚ್ಚಿ, ಎರಡರ ಬಾಯನ್ನೂ ಮುಚ್ಚಿದರು. ಒಂದು ಪೆಟ್ರೋಲ್ ಡಬ್ಬಿಗೆ ಹೋಸ್ ಸಿಕ್ಕಿಸಿ, ಎತ್ತಿದ ಬಾನೆಟ್ಟಿನ ಕೊಕ್ಕೆಗೆ, ಕಾರ್ಬೊರೇಟರಿಗಿಂತ ಎರಡಡಿ ಮೇಲಕ್ಕೆ ತೂಗು ಹಾಕಿ ನೇರ ಕಾರ್ಬೊರೇಟರಿಗೆ ಕೊಟ್ಟರು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಹಾಗೇ. ಒತ್ತಡವನ್ನು ಪಿಎಸ್‌ಐ, ಅಂದರೆ ಚದರ ಇಂಚಿಗೆ ಎಷ್ಟು ಪೌಂಡ್ ಅಂತ ಅಳೆಯುತ್ತಾರೆ. ಅಷ್ಟು ಎತ್ತರದಿಂದ ಬರುವ ಒತ್ತಡ ಅರ್ಧ ಪಿಎಸ್‌ಐಗಿಂತ ಚೂರು ಜಾಸ್ತಿ, ಅಷ್ಟೇ. ಎಂಜಿನ್ ಸ್ಟಾರ್ಟ್ ಮಾಡಿದರು. ಐಡ್ಲಿಂಗ್‌ನಲ್ಲಿ ಹತ್ತು ನಿಮಿಷ. ಗಂಟಲಲ್ಲಿ ಒಂದು ಹನಿ ಇಲ್ಲ. ಎಂಜಿನ್ ಹೊಲಿಗೆ ಯಂತ್ರದ ಹಾಗೆ ಓಡಿತು.

ಅಂದರೆ ಮೂರು ವಾರದಿಂದ ನಾನು ಬಿಚ್ಚಿ, ತೊಳೆದು, ಬೈದ ಕಾರ್ಬೊರೇಟರ್ ನಿರಪರಾಧಿ.

ಇದನ್ನು ನೀವೇ ಮಾಡುವುದಾದರೆ ದಯವಿಟ್ಟು ಬಯಲಲ್ಲೇ ಮಾಡಿ, ತಣ್ಣಗಿನ ಎಂಜಿನ್ನಿನಲ್ಲೇ ಮಾಡಿ, ಒಬ್ಬರೇ ಮಾಡಬೇಡಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಡಬ್ಬಿ ತೂಗು ಹಾಕುವುದು ಸುಮ್ನೆ ಆಟ ಅಲ್ಲ.

ಮೇಸ್ತ್ರಿ ಕೈಚೀಲದಿಂದ ಒಂದು ಹಳೇ ಗೇಜ್ ತೆಗೆದರು. ಹೋಸ್ ವಾಪಸ್ ಹಾಕಿ, ‘T’ ಆಕಾರದ ಜಾಯಿಂಟ್ ಸಿಕ್ಕಿಸಿ, ಪಂಪಿನ ಒತ್ತಡ ಅಳೆದರು. ಈ ಕಾರಿಗೆ ಮೂರು ಪಿಎಸ್‌ಐ ಆಸುಪಾಸು ಇದ್ದರೆ ಸರಿ. ಮುಳ್ಳು ಐದೂವರೆಯ ಹತ್ತಿರ ನಡುಗುತ್ತಾ ನಿಂತಿತು. ಎಂಜಿನ್ ಆಫ್ ಮಾಡಿದರೂ ಮುಳ್ಳು ಕೆಳಗಿಳಿಯಲು ನಿಧಾನಿಸಿತು. ಬೆಳಗಿನ ನಾತ ಯಾಕೆ ಅಂತ ಆಗ ಹೊಳೆಯಿತು. ರಾತ್ರಿ ಕಾರು ನಿಂತ ಮೇಲೂ ಪೈಪಿನಲ್ಲಿ ಉಳಿದ ಒತ್ತಡ ಸೂಜಿಯನ್ನು ತಳ್ಳಿ ಸ್ವಲ್ಪ ಸ್ವಲ್ಪ ಪೆಟ್ರೋಲ್ ನುಸುಳಿಸುತ್ತಿತ್ತು. ಸಿಗ್ನಲ್ಲಿನಲ್ಲಿ ಯಾಕೆ ಅನ್ನುವುದೂ ಹೊಳೆಯಿತು. ಓಡುವಾಗ ಎಂಜಿನ್ ಬಂದಷ್ಟೂ ಕುಡಿಯುತ್ತೆ. ನಿಂತಾಗ ಕುಡಿಯುವುದು ಕಡಿಮೆ, ಪಂಪಿನ ಪೂರ್ತಿ ಬಲ ಸೂಜಿಯ ಮೇಲೆ.

“ಎಸಿ ಪಂಪ್ ಯಾವಾಗ ಹಾಕಿಸಿದ್ರಿ?”

ಹೊಸಬರಿಗೆ ಹೇಳಬೇಕು. ಈ ಕಾರಿನಲ್ಲಿ ಎಸಿ ಇಲ್ಲ, ಆದರೂ ಎಸಿ ಪಂಪ್ ಇದೆ. ಎಂಜಿನ್ನಿನೊಳಗೆ ತಿರುಗುವ ಕ್ಯಾಮ್ ಅನ್ನುವ ಉಬ್ಬು ತಳ್ಳುವ ಪೆಟ್ರೋಲ್ ಪಂಪಿಗೆ ನಮ್ಮ ಗ್ಯಾರೇಜುಗಳಲ್ಲಿ ಅದೇ ಹೆಸರು. ಎಸಿ ಅನ್ನುವುದು ಒಂದು ಅಮೆರಿಕನ್ ಕಂಪನಿಯ ಹೆಸರು, ಹಳೇ ಪಂಪುಗಳ ಮೇಲೆ ಬರೆದಿರುತ್ತಿತ್ತು. ಕಂಪನಿ ಯಾವುದಾದರೂ ಆಗಲಿ, ಪಂಪು ಮಾತ್ರ ಎಸಿ ಪಂಪೇ.

“ಜುಲೈನಲ್ಲಿ. ಡಯಾಫ್ರಮ್ ಹರಿದಿತ್ತು.”

“ಯಾರು ಹಾಕಿದ್ದು?”

ಸ್ವಲ್ಪ ಹೊತ್ತು ಸುಮ್ಮನಿದ್ದೆ. “ನಾನೇ.”

ಅವರು ನಗಲಿಲ್ಲ. ಎರಡು ನಟ್ಟು ಬಿಚ್ಚಿ ಪಂಪು ತೆಗೆದರು. ಪಂಪಿಗೂ ಎಂಜಿನ್ನಿಗೂ ಮಧ್ಯೆ ತೆಳು ಪೇಪರ್ ಪ್ಯಾಕಿಂಗ್ ಒಂದೇ ಇತ್ತು. “ದಪ್ಪದು ಎಲ್ಲಿ?” ಅಂದರು. “ಯಾವ ದಪ್ಪದು?” ಅಂದೆ. “ಬೇಕ್‌ಲೈಟ್‌ದು. ಕರಿ ಕಲರ್. ಹಳೇ ಪಂಪಿಗೆ ಅಂಟ್ಕೊಂಡಿರುತ್ತೆ.”

ಅಪ್ಪನ ಬಿಸ್ಕತ್ ಡಬ್ಬ ತಂದೆ. ಹಳೇ ಸಾಮಾನು ಎಸೆಯುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಹಳೇ ಪಂಪು ಅದರಲ್ಲೇ ಇತ್ತು. ಅದರ ಮೂತಿಗೆ ಗಟ್ಟಿ ಪ್ಲಾಸ್ಟಿಕ್ಕಿನಂಥ ಕರಿ ಬೇಕ್‌ಲೈಟ್ ತುಂಡು ಆಯಿಲ್ ಹಿಡಿದು ಅಂಟಿಕೊಂಡಿತ್ತು. ಪಂಪಿನದೇ ಭಾಗ ಅಂದುಕೊಂಡು ಜೊತೆಗೇ ಬಿಚ್ಚಿ ಒಳಗೆ ಹಾಕಿದ್ದೆ. ಹೊಸ ಪಂಪಿನ ಡಬ್ಬಿಯಲ್ಲಿ ಬಂದದ್ದು ಪೇಪರ್ ಪ್ಯಾಕಿಂಗ್ ಮಾತ್ರ. ಅದನ್ನು ಹಾಕಿ ಬಿಗಿ ಮಾಡಿ, ಸೋರುತ್ತಿಲ್ಲ ಅಂತ ಬೆನ್ನು ತಟ್ಟಿಕೊಂಡಿದ್ದೆ.

ಮೇಸ್ತ್ರಿ ಪಂಪಿನ ತೋಳನ್ನು ಬೆರಳಲ್ಲಿ ಒತ್ತಿ ತೋರಿಸಿದರು. ತೋಳು ಒಳಗಿನ ಡಯಾಫ್ರಮ್ ಅನ್ನುವ ಪೊರೆಯನ್ನು ಎಳೆದು ಒಂದು ಸ್ಪ್ರಿಂಗನ್ನು ಅದುಮುತ್ತೆ. ಪೆಟ್ರೋಲನ್ನು ತಳ್ಳುವುದು ಆ ಸ್ಪ್ರಿಂಗ್. ಬೇಕ್‌ಲೈಟ್ ತುಂಡು ಪಂಪನ್ನು ಎಂಜಿನ್ನಿನಿಂದ ಸ್ವಲ್ಪ ದೂರ ಇಡುತ್ತೆ, ತೋಳು ಎಷ್ಟು ಬೇಕೋ ಅಷ್ಟೇ ಆಡುತ್ತೆ. ಅದಿಲ್ಲದಿದ್ದರೆ ತೋಳು ಪೂರ್ತಿ ಒಳಗೆ ಹೋಗಿ ಸ್ಪ್ರಿಂಗ್ ಜಾಸ್ತಿ ಅದುಮಿಕೊಂಡು ಒತ್ತಡ ಏರುತ್ತೆ. ಎಂಜಿನ್ನಿನ ಶಾಖ ಪಂಪಿಗೆ ಹತ್ತದ ಹಾಗೆ ತಡೆಯುವುದೂ ಅದೇ ತುಂಡು. ಅಲ್ಲಿಗೆ ಎಲ್ಲ ಸಾಲಾಗಿ ಕೂತಿತು. ಜುಲೈನಿಂದ ಹೆಚ್ಚಿನ ಒತ್ತಡ ಸೂಜಿಯನ್ನು ಬಡಿಯುತ್ತಾ ಬಂದಿದೆ. ನಾನು ಭಾನುವಾರ ಮಾತ್ರ ಓಡಿಸುವವನು, ಹಾಗಾಗಿ ಗೀರು ಬೀಳಲು ಸೆಪ್ಟೆಂಬರ್ ಆಯಿತು. ಹೊಸ ಸೂಜಿ, ದಪ್ಪ ವಾಷರ್ ಸೇರಿ ನಾಲ್ಕು ದಿನ ತಡೆದವು. ಅಷ್ಟರಲ್ಲಿ ಹೋಸಿನ ರಬ್ಬರ್ ಚೂರು ಸ್ವಂತ ಕಿತಾಪತಿ ನಡೆಸಿತು. ಒಂದು ತಪ್ಪಾಗಿದ್ದರೆ ಬೇಗ ಸಿಗುತ್ತಿತ್ತೇನೋ. ಎರಡು ಜೊತೆಯಾಗಿ ಒಂದರ ಹಿಂದೆ ಒಂದು ಅಡಗಿದ್ದವು.

ಬೇಕ್‌ಲೈಟ್ ತುಂಡು ತೊಳೆದು, ಎರಡೂ ಬದಿಗೆ ಪೇಪರ್ ಪ್ಯಾಕಿಂಗ್ ಇಟ್ಟು ಪಂಪು ಕೂರಿಸಿದರು. ಗೇಜಿನ ಮುಳ್ಳು ಮೂರರ ಮೇಲೆ ಒಂದು ಕೂದಲೆಳೆ. ಹುಡುಗ ಹಾಕಿದ್ದ ದಪ್ಪ ವಾಷರ್ ತೆಗೆದು ಮೊದಲಿನದನ್ನೇ ಹಾಕಿದರು. ಮಟ್ಟ ತಗ್ಗಿಸಿಟ್ಟರೆ ಕತ್ರಿಗುಪ್ಪೆಯ ಏರಿನಲ್ಲಿ ಎಂಜಿನ್ ಪೆಟ್ರೋಲ್ ಸಾಲದೆ ಒದ್ದಾಡುತ್ತೆ ಅಂದರು. ಆಮೇಲೆ ನನ್ನ ಕೈಯಲ್ಲಿ ಪ್ಲಗ್ ಬಿಚ್ಚಿಸಿ, ತೊಳೆಸಿ, ಹಾಕಿಸಿದರು. ಮೈಕೋ ಅಂತ ಬರೆದಿದ್ದ ಅಪ್ಪನ ಕಾಲದ ಎರಡು ಪ್ಲಗ್ ಡಬ್ಬದಲ್ಲಿ ನೋಡಿ, “ಇವನ್ನ ಹಾಕ್ಬೇಡಿ, ಇಟ್ಕೊಳ್ಳಿ” ಅಂದರು. ದುಡ್ಡು ಎಷ್ಟು ಅಂದರೆ “ಕಾಫಿ ಕೊಡಿ” ಅಂದರು. ಕಾಫಿ ಕೊಟ್ಟ ಮೇಲೆ ಎಂಟುನೂರು ಅಂದರು.

ಎಮಿಷನ್ ಹುಡುಗನ ಕಂಪ್ಯೂಟರ್ ಈ ಸಲ ಶೇ. 1.9 ತೋರಿಸಿತು.

ಒಂದು ಮಾತು ಉಳಿಯಿತು. ಓವರ್‌ಫ್ಲೋ ಹೋದ ಮೇಲೂ ಮಧ್ಯಾಹ್ನ ಒಂದು ಗಂಟೆ ಓಡಿಸಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಸ್ವಲ್ಪ ಸತಾಯಿಸುತ್ತೆ. ಅದು ಕಾವಿಗೆ ಪೆಟ್ರೋಲ್ ಕುದಿಯುವ ಕಥೆ. ಅಂಥ ಸಮಯಕ್ಕೆ ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಹಳೇ ಬನಿಯನ್ ಇಟ್ಟಿದ್ದೇನೆ. ಬನಿಯನ್ ಒದ್ದೆ ಮಾಡಿ ಪಂಪಿನ ಮೇಲೆ ಹೊದಿಸುವುದು. ಈ ದೇಶದ ಅರ್ಧಕ್ಕರ್ಧ ಅಂಬಾಸಿಡರ್, ಫಿಯಟ್ಟುಗಳು ಘಾಟಿ ಹತ್ತಿದ್ದು ಹೀಗೇ.

ಆಯುಧಪೂಜೆ ಶುಕ್ರವಾರ. ಬೆಳಿಗ್ಗೆಯೇ ಕಾರು ತೊಳೆದು, ಏರ್ ಫಿಲ್ಟರ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಒಣಗಿತ್ತು. ಡಿಪ್‌ಸ್ಟಿಕ್ ಮೂಸಿದೆ. ಬರೀ ಆಯಿಲ್. ಆದರೂ ಕಾರನ್ನು ಬೀದಿಗೆ ತಳ್ಳಿ, ಆರತಿ ದೂರದಿಂದಲೇ ಮಾಡು ಅಂದೆ. ಅಮ್ಮ ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಕರ್ಪೂರ ಬೆಳಗಿದರು. ಬೂದುಗುಂಬಳಕಾಯಿ ಒಡೆದೆವು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಸೆಲ್ಫ್ ಹೊಡೆದೆ. ಅರ್ಧ ಸುತ್ತಿಗೇ ಎಂಜಿನ್ ಎದ್ದಿತು, ನಿಂಬೆಹಣ್ಣು ಪಚಕ್ ಅಂತು. ಬುಲ್ ಟೆಂಪಲ್ ರಸ್ತೆಯಲ್ಲಿ ಇಳಿದು, ರಾಮಕೃಷ್ಣ ಆಶ್ರಮದ ಹತ್ತಿರ ತಿರುಗಿಸಿಕೊಂಡು ಬಂದೆ.

ಸಂಜೆ ಅಮ್ಮ ದೀಪ ಹಿಡಿದು ಮೆಟ್ಟಿಲ ಮೇಲೆ ನಿಂತರು. ಮೊದಲು ಮೂಗೆತ್ತಿ ಗಾಳಿ ನೋಡಿದರು. ನಾನು ಸುಮ್ಮನೆ ಕಾರನ್ನು ಎರಡಡಿ ಹಿಂದಕ್ಕೆ ತಳ್ಳಿದೆ. ಆಮೇಲೆ ಬೆಂಕಿಪೊಟ್ಟಣ ಕೇಳಿದರು.